ಗಾಳಿ ಕಳೆದುಕೊಂಡ ಗಿರಣಿ, ಕೈಬಿಡದ ಓಣಿ

"ನಿಮ್ಮೂರಿನ ಗಿರಣಿಯನ್ನು ಈಗ ಯಾರು ನೋಡಿಕೊಳ್ತಿದ್ದಾರೆ?"

ಹಿಟ್ಟಿನ ಪೊಟ್ಟಣವೊಂದನ್ನು ನನ್ನ ಕೈಗಿಡುತ್ತಾ, ಲಂಡನ್ನಿನ ನಮ್ಮ ಪಕ್ಕದ ಮನೆಯ ಅಜ್ಜಿ ಕೇಳಿದರು. ಸುಮ್ನೆ, ಪ್ರೀತಿಯಿಂದ ಕೇಳಿದ ಮಾತು. ನನಗೆ ಉತ್ತರ ಹೊಳೆಯಲಿಲ್ಲ. ಅಂದಿನಿಂದ ಅದು ತಲೆಯಲ್ಲೇ ಕೂತಿದೆ.

ಅದು ಬ್ರಿಕ್ಸ್‌ಟನ್ ಗಾಳಿಗಿರಣಿಯಲ್ಲಿ ಬೀಸಿದ ಗೋಧಿ ಹಿಟ್ಟು. ದಕ್ಷಿಣ ಲಂಡನ್ನಿನಲ್ಲಿ, ಜೈಲಿನ ಹತ್ತಿರದ ಪುಟ್ಟ ಪಾರ್ಕಿನಲ್ಲಿ ಈ ಗಿರಣಿ ಇದೆ. ಕಪ್ಪು ಬಳಿದ ಇಟ್ಟಿಗೆ ಗೋಪುರ, ತಲೆಗೆ ಬಿಳಿ ಟೋಪಿ, ನಾಲ್ಕು ರೆಕ್ಕೆ. ಗಾಳಿಯಂತ್ರ ಅಂದರೆ ಗದಗದ ಕಪ್ಪತಗುಡ್ಡದ ಮೇಲೆ ಕರೆಂಟು ಮಾಡುವ ಉದ್ದನೆಯ ಕಂಬಗಳು ಅಂತಲೇ ತಿಳಿದಿದ್ದ ನನ್ನ ಮಗ, ಇದನ್ನು ಮೊದಲ ಸಲ ನೋಡಿದಾಗ ಬಾಯಿ ತೆರೆದು ನಿಂತಿದ್ದ.

1816ರಲ್ಲಿ ಇದನ್ನು ಕಟ್ಟಿದಾಗ ಸುತ್ತ ಬರೀ ಹೊಲ. ಆ್ಯಷ್‌ಬಿ ಮನೆತನದವರು ತಲೆಮಾರುಗಟ್ಟಲೆ ಇಲ್ಲಿ ಹಿಟ್ಟು ಬೀಸಿದರು. ಆಮೇಲೆ ಲಂಡನ್ ಬೆಳೆಯಿತು, ಸುತ್ತಲೂ ಮನೆಗಳೆದ್ದವು, ಗಾಳಿಗೆ ಅಡ್ಡ ನಿಂತವು. ಬೀಸುವ ಗಾಳಿಯೇ ಇಲ್ಲದ ಮೇಲೆ ಗಿರಣಿ ಏನು ಮಾಡೀತು? 1862ರಲ್ಲಿ ಅವರು ಕೆಲಸವನ್ನು ಮಿಚಮ್‌ಗೆ, ವಾಂಡಲ್ ನದಿಯ ನೀರುಗಿರಣಿಗೆ ಸಾಗಿಸಿದರು. 1864ರಲ್ಲಿ ರೆಕ್ಕೆಗಳನ್ನೂ ಬಿಚ್ಚಿದರು. 1902ರಲ್ಲಿ ಮತ್ತೆ ಇಲ್ಲಿಗೇ ಬಂದು ಉಗಿ ಯಂತ್ರದಿಂದ, ಮುಂದೆ ಗ್ಯಾಸ್ ಎಂಜಿನ್ನಿನಿಂದ ಬೀಸಿದರು. 1934ಕ್ಕೆ ಅದೂ ನಿಂತಿತು.

1964ರಲ್ಲಿ ಲಂಡನ್ನಿನ ಸ್ಥಳೀಯ ಆಡಳಿತದ ಕಡೆಯಿಂದ ರಿಪೇರಿಯಾಗಿ ಹೊಸ ರೆಕ್ಕೆ ಬಂದರೂ ಆಮೇಲೆ ಮತ್ತೆ ಪಾಳು. ನನ್ನ ಮನಸ್ಸಿಗೆ ನಾಟಿದ್ದು ಅದರ ಮುಂದಿನ ಕಥೆ. 2003ರಲ್ಲಿ ಸುತ್ತಲಿನ ಓಣಿಯವರೇ ಒಂದು ಗೆಳೆಯರ ಬಳಗ ಕಟ್ಟಿಕೊಂಡು ಕೌನ್ಸಿಲ್ಲಿನ ಬೆನ್ನು ಬಿದ್ದರು. ಹಳೆಯ ಕಟ್ಟಡಗಳನ್ನು ಉಳಿಸಲು ಅಲ್ಲಿನ ರಾಷ್ಟ್ರೀಯ ಲಾಟರಿಯಿಂದ ಕೊಡುವ ಹಣದ ನೆರವು ಬಂತು. 2011ರಲ್ಲಿ ಗಿರಣಿಯ ಬಾಗಿಲು ಜನರಿಗೆ ತೆರೆಯಿತು. ಈಗ ಒಳಗಿನ ಸಣ್ಣ ಬೀಸುಯಂತ್ರವನ್ನು ಕರೆಂಟಿನಿಂದ ಓಡಿಸುತ್ತಾರೆ. ಬೀಸುವವರು ಸಂಬಳವಿಲ್ಲದೆ ದುಡಿಯುವ ನೆರೆಹೊರೆಯವರು. ಕಲ್ಲಿನಿಂದ ಆಗಷ್ಟೇ ಉದುರಿದ ಹಿಟ್ಟನ್ನು ನಾನು ಮುಟ್ಟಿ ನೋಡಿದ್ದೇನೆ. ಬೆಚ್ಚಗಿರುತ್ತದೆ, ತೌಡಿನ ಚೂರು ಬೆರಳಿಗೆ ತಾಗುತ್ತದೆ.

ನಮ್ಮ ಪಕ್ಕದ ಮನೆಯ ಅಜ್ಜಿ ಜಮೈಕಾದಿಂದ ಬಂದವರು. ಗಿರಣಿ ಕಟ್ಟಿದವರಿಗೂ ಅವರಿಗೂ ಯಾವ ನಂಟೂ ಇಲ್ಲ. ಆದರೂ "ಅದು ನಮ್ಮ ಗಿರಣಿ" ಅಂತಾರೆ. ಆ 'ನಮ್ಮ' ಕೇಳಿ ನನಗೆ ಹೊಟ್ಟೆಕಿಚ್ಚಾಯಿತು.

ಗಿರಣಿ ಇರುವುದು ಲಂಡನ್ನಿನ ಲ್ಯಾಂಬೆತ್ ಎಂಬ ಭಾಗದಲ್ಲಿ. 2015ರಿಂದ ನಮ್ಮ ಬಸವಣ್ಣನ ಪ್ರತಿಮೆ ಇರುವುದೂ ಇದೇ ಲ್ಯಾಂಬೆತ್‌ನಲ್ಲಿ, ಥೇಮ್ಸ್ ದಂಡೆಯ ಮೇಲೆ. ಊರಿಂದ ಯಾರೇ ಬಂದರೂ ಅಲ್ಲಿಗೆ ಕರೆದೊಯ್ದು ಫೋಟೋ ತೆಗೆಯುತ್ತೇವೆ. ಹೆಮ್ಮೆಯೇ ಸರಿ. ಆದರೆ ಕಾಯಕ ಅಂತ ನಾವು ದಿನಾ ಹೇಳುವುದನ್ನು ಈ ಗಿರಣಿಯಲ್ಲಿ ಮೈತುಂಬ ಹಿಟ್ಟು ಮಾಡಿಕೊಂಡು ನಿಂತವರು ಮಾಡಿ ತೋರಿಸುತ್ತಿದ್ದಾರೆ ಅನಿಸುತ್ತದೆ.

ಊರಿನ ನಮ್ಮನೆಯಲ್ಲೂ ಬೀಸೋಕಲ್ಲು ಇತ್ತು. ನನ್ನ ಅಜ್ಜಿ ನಸುಕಿನಲ್ಲಿ ಎದ್ದು ಒಂದು ಕಾಲು ಚಾಚಿ, ಒಂದು ಮಡಚಿ ಕೂರುತ್ತಿದ್ದಳು. ಬಲಗೈಯಲ್ಲಿ ಗೂಟ, ಎಡಗೈಯಿಂದ ಹಿಡಿ ಹಿಡಿಯಾಗಿ ಜೋಳ. ಕಲ್ಲಿನ ಸದ್ದಿನ ಜೊತೆಗೇ ಹಾಡು. ಒಂದು ಸಾಲು ಮುಗಿಯುವಷ್ಟರಲ್ಲಿ ಕಲ್ಲಿನ ಬಾಯಿ ಖಾಲಿಯಾಗಿರುತ್ತಿತ್ತು, ಇನ್ನೊಂದು ಹಿಡಿ ಬೀಳುತ್ತಿತ್ತು. ಕಲ್ಲು ಸವೆದರೆ ಉಳಿ ಸುತ್ತಿಗೆ ಹಿಡಿದು ಓಣಿಗೆ ಬರುವವರನ್ನು ಕರೆದು ಗೀರು ಹೊಡೆಸುತ್ತಿದ್ದಳು.

ಊರಲ್ಲಿ ಹಿಟ್ಟಿನ ಗಿರಣಿ ಬಂದ ಮೇಲೆ ಕಲ್ಲು ಮೂಲೆ ಸೇರಿತು. ತಪ್ಪೇನಿಲ್ಲ, ಅಜ್ಜಿಯ ರಟ್ಟೆಗಾದರೂ ವಿಶ್ರಾಂತಿ ಸಿಕ್ಕಿತು. ಆದರೆ ಹೊಸ ಮನೆ ಕಟ್ಟುವಾಗ ಆ ಕಲ್ಲು ಹಿತ್ತಲಿನ ಮೋಟರಿನ ಅಡಿಗೆ ಹೋಯಿತು. ಹಾಡುಗಳನ್ನು ಯಾರೂ ಬರೆದಿಟ್ಟುಕೊಳ್ಳಲಿಲ್ಲ. ಹಳೆಯದನ್ನು ಉಳಿಸುವುದು ಸರ್ಕಾರದ ಕೆಲಸ ಅಂತ ನಾವು ಬಿಟ್ಟುಬಿಡುತ್ತೇವೆ ಅಲ್ವಾ?

ಮೊನ್ನೆ ಅಮ್ಮನಿಗೆ ಫೋನ್ ಮಾಡಿ ಕಲ್ಲಿನ ವಿಷಯ ಎತ್ತಿದೆ. "ಆ ಕಲ್ಲು ಈಗ್ಯಾಕ ಬೇಕಾತೋ ನಿನಗ?" ಅಂದಳು. ಆಮೇಲೆ ತಾನಾಗಿಯೇ ಒಂದು ಹಾಡಿನ ಎರಡು ಸಾಲು ಗುನುಗಿದಳು. ಮೂರನೆಯದು ನೆನಪಾಗಲಿಲ್ಲ. ಎದುರು ಮನೆಯ ಗೌರತ್ತಿಗೆ ಗೊತ್ತಿರಬಹುದಂತೆ. ಈ ಭಾನುವಾರ ಅವರನ್ನು ಕೂರಿಸಿಕೊಂಡು ಫೋನಿನಲ್ಲಿ ರೆಕಾರ್ಡ್ ಮಾಡು ಅಂತ ತಮ್ಮನಿಗೆ ಹೇಳಿದ್ದೇನೆ.