ಗೌರಿ ಹೂವಿನ ಕೆಂಪು ಕ್ಯಾಮೆರಾಕ್ಕೆ ಸಿಗುವ ಬಗೆ

ಶಿರಸಿ ಸೀಮೆಯಲ್ಲಿ ಗೆಳೆಯರೊಬ್ಬರ ಅಡಿಕೆ ತೋಟ. ತೋಟದ ಮೇಲ್ಗಡೆ ಧರೆ (ಕಡಿದಾದ ಮಣ್ಣಿನ ದಿಬ್ಬ), ಧರೆಯ ಮೇಲೆ ಬೇಲಿ, ಬೇಲಿಯ ತುಂಬ ಗೌರಿ ಹೂವು. ಆಗಸ್ಟ್ ಕೊನೆಯ ವಾರ, ಮಳೆ ಸ್ವಲ್ಪ ಹೊಳವಾಗಿದ್ದ ಬೆಳಗು. ಮೊದಲು ತೆಗೆದ ಇಪ್ಪತ್ತು ಚಿತ್ರಗಳನ್ನು ಜಗುಲಿಗೆ ಬಂದು ದೊಡ್ಡದು ಮಾಡಿ ನೋಡಿದರೆ, ಎಸಳಿನ ಅಲೆಯೂ ಇಲ್ಲ, ಗೆರೆಯೂ ಇಲ್ಲ, ಬರೀ ಕೆಂಪು ಮುದ್ದೆ. ಹತ್ತು ಗಂಟೆಯೊಳಗೆ ಅದೇ ಹೂವು, ಅದೇ ಕ್ಯಾಮೆರಾದಲ್ಲಿ ಸರಿಯಾಗಿ ಬಂತು. ನಡುವೆ ಬದಲಾದದ್ದು ಏನೇನು ಎನ್ನುವುದೇ ಇಲ್ಲಿರುವ ವಿಷಯ.

ಹೂವಿನ ರಚನೆ ತಿಳಿಯದೆ ಇದರ ಫೋಟೊ ತೆಗೆಯಲಾಗದು. ಗೌರಿ ಹಬ್ಬದ ಆಸುಪಾಸಿನಲ್ಲಿ ಅರಳುವುದರಿಂದ ಗೌರಿ ಹೂವು. ಬೆಂಕಿಯ ನಾಲಿಗೆಯಂತೆ ಎಸಳು ಮೇಲಕ್ಕೆ ಏಳುವುದರಿಂದ ಅಗ್ನಿಶಿಖೆ. 1753ರಲ್ಲಿ ಲಿನೇಯಸ್ ಇಟ್ಟ ಹೆಸರು ಗ್ಲೋರಿಯೋಸಾ ಸುಪರ್ಬಾ. ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಗಿಡವನ್ನು ಹಿಡಿದುಕೊಂಡು ಬಳ್ಳಿ ಮೇಲೇರುತ್ತದೆ. ಹೂವು ಉದ್ದ ತೊಟ್ಟಿನ ತುದಿಯಲ್ಲಿ ತಲೆಕೆಳಗಾಗಿ ತೂಗುತ್ತದೆ. ಆರು ಎಸಳು ಹಿಂದಕ್ಕೆ ಮಡಚಿ ಮೇಲ್ಮುಖವಾಗಿ ನಿಂತರೆ, ಆರು ಕೇಸರಗಳು ಛತ್ರಿಯ ಕಡ್ಡಿಗಳಂತೆ ಸುತ್ತಲೂ ಅಡ್ಡ ಚಾಚಿರುತ್ತವೆ. ಹತ್ತಿರದಿಂದ ನೋಡಿದರೆ ಕಾಣುವ ಇನ್ನೊಂದು ಸಂಗತಿ ಶಲಾಕೆಯದು, ಅಂದರೆ ಅಂಡಾಶಯದಿಂದ ಹೊರಡುವ ಕಡ್ಡಿಯಂಥ ಹೆಣ್ಣು ಭಾಗದ್ದು. ಹಸಿರು ಅಂಡಾಶಯಕ್ಕೆ ಸೇರುವ ತನ್ನ ಬುಡದಲ್ಲೇ ಅದು ಲಂಬಕೋನಕ್ಕೆ ಬಾಗಿ, ಒಂದೇ ಪಕ್ಕಕ್ಕೆ ಹೊರಗೆ ಚಾಚಿಕೊಂಡಿರುತ್ತದೆ. ತನ್ನದೇ ಪರಾಗ ತನಗೆ ತಾಗುವುದನ್ನು ಆದಷ್ಟು ತಪ್ಪಿಸಿಕೊಂಡು, ಚಿಟ್ಟೆಯ ರೆಕ್ಕೆ ಸವರಿಕೊಂಡು ಹೋಗುವ ಜಾಗದಲ್ಲಿ ನಿಲ್ಲುವ ಏರ್ಪಾಡು ಇದು.

ಈ ಬಾಗಿದ ಶಲಾಕೆಯೇ ಕ್ಯಾಮೆರಾ ಎಲ್ಲಿಡಬೇಕು ಎಂದು ಹೇಳುವುದು. ಹೂವಿನ ಸುತ್ತ ಒಂದು ಸುತ್ತು ಬಂದು, ಶಲಾಕೆ ಎಡಕ್ಕೋ ಬಲಕ್ಕೋ ಪೂರ್ತಿ ಉದ್ದಕ್ಕೆ ಕಾಣುವ ಬದಿಯಲ್ಲಿ ನಿಲ್ಲಬೇಕು. ಅದು ಲೆನ್ಸಿನ ಕಡೆಗೇ ಚಾಚಿದ್ದರೆ ಚಿತ್ರದಲ್ಲಿ ಬರೀ ಒಂದು ಚುಕ್ಕೆಯಾಗುತ್ತದೆ. ಇನ್ನು ಎತ್ತರ. ನಿಂತು ಮೇಲಿನಿಂದ ತೆಗೆದರೆ ಎಸಳಿನ ತುದಿಗಳ ಗೊಂಚಲು ಬಿಟ್ಟು ಬೇರೇನೂ ಕಾಣದು. ಕೇಸರಗಳ ಮಟ್ಟಕ್ಕೆ ಅಥವಾ ಅದಕ್ಕಿಂತ ಒಂದು ಗೇಣು ಕೆಳಗೆ ಲೆನ್ಸ್ ಬರಬೇಕು. ಧರೆಯ ಮೇಲಿನ ಬಳ್ಳಿಯಾದ್ದರಿಂದ ನಮಗೆ ಇದು ಸುಲಭವಾಯಿತು, ಕೆಳಗೆ ನಿಂತರೆ ಹೂವು ಕಣ್ಣಿನ ಮಟ್ಟಕ್ಕೆ. ನೆಲದ ಹತ್ತಿರದ ಹೂವಾದರೆ ಅಡಿಕೆ ಹಾಳೆ ಹಾಸಿ ಮಂಡಿಯೂರುವುದೇ ದಾರಿ. ಉಂಬಳಕ್ಕೆ (ಜಿಗಣೆಗೆ) ಮೊದಲೇ ಸುಣ್ಣ, ಹೊಗೆಸೊಪ್ಪು ಕಾಲಿಗೆ ಸವರಿಕೊಂಡಿದ್ದರೆ ಒಳ್ಳೆಯದು, ಫೋಕಸ್ ಮಾಡುವಾಗ ಕಾಲು ಅಲ್ಲಾಡದು.

ಕೆಂಪು ಕೆಡುವುದು ಯಾಕೆ? ಕ್ಯಾಮೆರಾದ ಬೆಳಕಿನ ಮೀಟರು ದೃಶ್ಯದ ಒಟ್ಟು ಹೊಳಪನ್ನು ಅಳೆಯುತ್ತದೆ. ಆ ಅಳತೆಯಲ್ಲಿ ಹಸಿರಿಗೆ ತೂಕ ಜಾಸ್ತಿ, ಕೆಂಪಿಗೆ ಕಡಿಮೆ. ಕಡುಗೆಂಪು ಎಸಳು, ಹಿಂದೆ ಕಪ್ಪುಹಸಿರು ತೋಟ: ಮೀಟರು ಇದೆಲ್ಲ ಕತ್ತಲೆ ಎಂದು ತಿಳಿದು ಬೆಳಕು ಹೆಚ್ಚಿಸುತ್ತದೆ. ಆಗ ಹಸಿರು, ನೀಲಿ ಚಾನೆಲ್‌ಗಳು ಸರಿಯಾಗಿದ್ದರೂ ಕೆಂಪು ಚಾನೆಲ್ ತುಂಬಿ ತುಳುಕುತ್ತದೆ. ತುಂಬಿದ ಮೇಲೆ ಎಸಳಿನ ಏರಿಗೂ ಇಳಿಗೂ ವ್ಯತ್ಯಾಸ ಉಳಿಯುವುದಿಲ್ಲ. ಸಾಮಾನ್ಯ ಹಿಸ್ಟೋಗ್ರಾಮ್ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಇದನ್ನು ತೋರಿಸುವುದೂ ಇಲ್ಲ, ಅದೂ ಒಟ್ಟು ಹೊಳಪಿನದೇ ಲೆಕ್ಕ. ಮೆನುವಿನಲ್ಲಿ ಮೂರು ಬಣ್ಣಗಳ ಆರ್‌ಜಿಬಿ ಹಿಸ್ಟೋಗ್ರಾಮ್ ಹಾಕಿಕೊಂಡರೆ ಕೆಂಪು ಗೆರೆ ಬಲಗಡೆಯ ಗೋಡೆಗೆ ಒತ್ತಿಕೊಂಡಿರುವುದು ಕಣ್ಣಿಗೇ ಕಾಣುತ್ತದೆ.

ಪರಿಹಾರ ಮೂರು ಕಡೆ. ಎಕ್ಸ್‌ಪೋಷರ್ ಅನ್ನು (ಚಿತ್ರಕ್ಕೆ ಸಿಗುವ ಬೆಳಕಿನ ಪ್ರಮಾಣವನ್ನು) ಮೈನಸ್ 0.7ಕ್ಕೆ ಇಳಿಸಿ ಶುರು ಮಾಡಿ, ಕೆಂಪು ಗೆರೆ ಗೋಡೆ ಬಿಡುವವರೆಗೆ ಇಳಿಸುತ್ತಾ ಹೋಗಬೇಕು. ನಮ್ಮ ಹೂವಿಗೆ ಮೈನಸ್ 1 ಬೇಕಾಯಿತು. ಚಿತ್ರದ ಶೈಲಿ ವಿವಿಡ್‌ನಲ್ಲಿದ್ದರೆ ನ್ಯೂಟ್ರಲ್‌ಗೆ ತರಬೇಕು, ವಿವಿಡ್ ಕೆಂಪನ್ನು ಇನ್ನಷ್ಟು ಉಬ್ಬಿಸುತ್ತದೆ. ರಾ ಫೈಲ್‌ನಲ್ಲಿ, ಅಂದರೆ ಕ್ಯಾಮೆರಾ ಸಂಸ್ಕರಿಸದ ಮೂಲ ರೂಪದಲ್ಲಿ, ತೆಗೆಯಬೇಕು. ಇಷ್ಟಾದರೆ ಹಿನ್ನೆಲೆ ಕತ್ತಲಾಗಿ ಬರುತ್ತದೆ, ಬರಲಿ. ನೆರಳಿನ ಭಾಗವನ್ನು ಆಮೇಲೆ ಎತ್ತಬಹುದು, ತುಳುಕಿಹೋದ ಕೆಂಪನ್ನು ಯಾವ ಸಾಫ್ಟ್‌ವೇರೂ ಸರಿಯಾಗಿ ವಾಪಸು ತರದು.

ಬಣ್ಣದ ಇನ್ನೊಂದು ಮಾತು, ಇದು ನಮಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಗೌರಿ ಹೂವಿಗೆ ಒಂದು ಬಣ್ಣ ಇಲ್ಲ. ಮೊಗ್ಗು ಹಸಿರು. ಬಿರಿದಾಗ ಎಸಳು ಹಸಿರು ಬೆರೆತ ಹಳದಿ, ಇನ್ನೂ ಕೆಳಮುಖ. ಎಸಳು ಹಿಂದಕ್ಕೆ ಮಡಚಿಕೊಳ್ಳುತ್ತಾ ತುದಿಯಿಂದ ಕೆಂಪೇರುತ್ತದೆ, ಬುಡ ಮತ್ತು ಅಂಚು ಹಳದಿಯಾಗಿಯೇ ಉಳಿಯುತ್ತವೆ. ಮುಂದಿನ ದಿನಗಳಲ್ಲಿ ಕೆಂಪು ಬುಡಕ್ಕಿಳಿದು, ಕೊನೆಗೆ ಇಡೀ ಹೂವು ಕಡುಗೆಂಪಾಗಿ ಬಾಡುತ್ತದೆ. ಚಿತ್ರಕ್ಕೆ ಒದಗುವುದು ನಡುವಿನ ಹಂತ: ಅರ್ಧ ಹಳದಿ, ಅರ್ಧ ಕೆಂಪು, ಅಂಚಿನ ಅಲೆಯ ಮೇಲೆ ಹಳದಿ ಗೆರೆ ಇನ್ನೂ ಚೊಕ್ಕವಾಗಿರುವಾಗ. ಕೇಸರದ ತುದಿಯ ಪರಾಗಕೋಶ ಬಿರಿದಿದೆಯೇ ನೋಡಿ. ಬಿರಿದು ಹಳದಿ ಪುಡಿ ಅಂಟಿಕೊಂಡಿದ್ದರೆ ಅದೇ ಸರಿಯಾದ ಹೊತ್ತು. ಪರಾಗ ಉದುರಿ ಕೋಶ ಮುರುಟಿದ್ದರೆ ಎಸಳು ಎಷ್ಟೇ ಕೆಂಪಾಗಿದ್ದರೂ ಹೂವು ಹಳತು ಎಂದು ಚಿತ್ರವೇ ಹೇಳಿಬಿಡುತ್ತದೆ. ಹೂವು ಬಳ್ಳಿಯ ಕೆಳಗಿನಿಂದ ಮೇಲಕ್ಕೆ ಅರಳುತ್ತಾ ಹೋಗುವುದರಿಂದ ಒಂದೇ ಬಳ್ಳಿಯಲ್ಲಿ ಎಲ್ಲ ಹಂತವೂ ಸಿಗುತ್ತವೆ.

ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕ ಹೊಂದಾಣಿಕೆ) ಆಟೋದಲ್ಲಿಟ್ಟರೆ ಒಂದು ಚಿತ್ರದ ಹಳದಿ ಮತ್ತೊಂದರಲ್ಲಿ ಕಿತ್ತಳೆ. ಡೇಲೈಟ್‌ಗೆ ಕಟ್ಟಿಹಾಕಿ, ಮೊದಲ ಚಿತ್ರದಲ್ಲಿ ಹೂವಿನ ಪಕ್ಕ ಬೂದು ಕಾರ್ಡ್ ಹಿಡಿದು ತೆಗೆದುಕೊಂಡರೆ ಮನೆಗೆ ಬಂದ ಮೇಲೆ ಎಲ್ಲವನ್ನೂ ಒಟ್ಟಿಗೆ ಸರಿಪಡಿಸಬಹುದು.

ಫೋಕಸ್ಸಿನ ಆಳದ ಲೆಕ್ಕ ಬಹಳ ಜನರಿಗೆ ತಪ್ಪುತ್ತದೆ. ಹೂವು ಅಗಲಕ್ಕೆ ಸುಮಾರು 10 ಸೆಂ.ಮೀ. ಇರುತ್ತದೆ, ನಮ್ಮ ಕಡೆಗಿನ ಕೇಸರಕ್ಕೂ ಆಚೆಯ ಕೇಸರಕ್ಕೂ ಹೆಚ್ಚುಕಡಿಮೆ ಅಷ್ಟೇ ದೂರ. 100 ಮಿ.ಮೀ. ಮ್ಯಾಕ್ರೊ ಲೆನ್ಸ್, ಎಪಿಎಸ್-ಸಿ ಅಳತೆಯ ಸೆನ್ಸರ್, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಎಫ್ 8 ಇಟ್ಟು ಅರ್ಧ ಮೀಟರಿನಿಂದ ತೆಗೆದರೆ ಸ್ಪಷ್ಟವಾಗಿ ಬರುವ ಆಳ 6 ಮಿ.ಮೀ. ಮಾತ್ರ. ಒಂದು ಮೀಟರಿಗೆ ಹಿಂದೆ ಸರಿದರೆ ಅದೇ ಎಫ್ 8ರಲ್ಲಿ ಸುಮಾರು 28 ಮಿ.ಮೀ., ಎಫ್ 11ರಲ್ಲಿ 40ರ ಹತ್ತಿರ. ಅಂದರೆ ಅಪರ್ಚರ್ ಕಿರಿದು ಮಾಡುವುದಕ್ಕಿಂತ ಎರಡು ಹೆಜ್ಜೆ ಹಿಂದೆ ಸರಿಯುವುದು ಹೆಚ್ಚು ಕೆಲಸ ಮಾಡುತ್ತದೆ. ಬೇಕಾದಷ್ಟನ್ನು ಆಮೇಲೆ ಕತ್ತರಿಸಿಕೊಳ್ಳಬಹುದು. ಎಫ್ 16 ದಾಟಿದರೆ ಡಿಫ್ರಾಕ್ಷನ್‌ನಿಂದ (ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡುವುದರಿಂದ) ಇಡೀ ಚಿತ್ರವೇ ಮೆತ್ತಗಾಗುತ್ತದೆ. ಹಿಂದಿನ ಕೇಸರ ಮಸುಕಾದರೆ ತೊಂದರೆಯಿಲ್ಲ, ಮುಂದಿನ ಪರಾಗಕೋಶ ಮತ್ತು ಶಲಾಕೆ ಎರಡೂ ಚೂಪಾಗಿರಲೇಬೇಕು.

ಗಾಳಿಯೇ ದೊಡ್ಡ ಶತ್ರು. ತೊಟ್ಟು ಉದ್ದ, ಹೂವು ಭಾರ, ನಮಗೆ ಗೊತ್ತೇ ಆಗದ ಗಾಳಿಗೂ ಅದು ಲೋಲಕದಂತೆ ತೂಗುತ್ತದೆ. ಬೆಳಿಗ್ಗೆ 9ರೊಳಗೆ ಗಾಳಿ ಕಡಿಮೆ. ಬಿದಿರಿನ ಕಡ್ಡಿಯೊಂದನ್ನು ಚೌಕಟ್ಟಿನ ಹೊರಗೆ ನೆಟ್ಟು, ಹೂವಿನಿಂದ ಒಂದು ಗೇಣು ಮೇಲೆ ಬಳ್ಳಿಯ ಕಾಂಡವನ್ನು ಹತ್ತಿಯ ದಾರದಿಂದ ಸಡಿಲವಾಗಿ ಅದಕ್ಕೆ ಕಟ್ಟಿದರೆ ಅಲುಗಾಟ ಬಹಳ ಮಟ್ಟಿಗೆ ನಿಲ್ಲುತ್ತದೆ. ತೊಟ್ಟಿಗೇ ಕಟ್ಟಬಾರದು, ಹೂವು ತಿರುಚಿಕೊಂಡು ತೂಗುವ ಚೆಂದವೇ ಹೋಗುತ್ತದೆ. ಶಟರ್ 1/250 ಸೆಕೆಂಡಿಗಿಂತ ನಿಧಾನ ಬೇಡ. ಮೋಡದ ಬೆಳಕಿನಲ್ಲಿ ಅದಕ್ಕೆ ಐಎಸ್‌ಒ (ಸೆನ್ಸರಿನ ಬೆಳಕಿನ ಸಂವೇದನೆ) 800 ಅಥವಾ 1600 ಬೇಕಾಗುತ್ತದೆ. ಸ್ವಲ್ಪ ಕಾಳು ಕಾಳಾದರೂ ಸರಿ, ಅಲುಗಿದ ಚಿತ್ರಕ್ಕಿಂತ ಮೇಲು.

ಮಳೆಗಾಲದ ಆಕಾಶ ಬಿಳಿ ಹಾಳೆ. ಕೆಳಗಿನಿಂದ ತೆಗೆಯುವಾಗ ಅದು ಹಿನ್ನೆಲೆಗೆ ಬಂದರೆ ಎಸಳು ಕಪ್ಪಾಗುತ್ತದೆ. ಬಿಚ್ಚಿದ ಕಪ್ಪು ಛತ್ರಿಯನ್ನು ಹೂವಿನ ಹಿಂದೆ ಒಂದೂವರೆ ಮೀಟರ್ ದೂರದಲ್ಲಿ ಯಾರಾದರೂ ಹಿಡಿದರೆ ಹಿನ್ನೆಲೆ ತಣ್ಣಗಾಗುತ್ತದೆ, ಹತ್ತಿರ ಹಿಡಿದರೆ ಬಟ್ಟೆಯ ಮಡಿಕೆ, ಕಡ್ಡಿ ಕಾಣುತ್ತವೆ. ಹೂವಿನ ಕೆಳಗೆ ಒಣಗಿದ ಅಡಿಕೆ ಹಾಳೆಯ ಒಳಮೈಯನ್ನು ಮೇಲಕ್ಕೆ ಮಾಡಿ ಇಟ್ಟರೆ ಕೇಸರಗಳ ತಳಕ್ಕೆ ಮೆಲುವಾದ ಬೆಳಕು ತಾಗುತ್ತದೆ. ತುಸು ಹಳದಿ ಬೆಳಕು ಅದು, ಈ ಹೂವಿಗೆ ಹೊಂದುತ್ತದೆ. ಒದ್ದೆ ಎಲೆಯ ಬಿಳಿ ಹೊಳಪಿಗೆ ಪೋಲರೈಸರ್ ಫಿಲ್ಟರ್ ಹಾಕಬಹುದು, ಆದರೆ ಒಂದರಿಂದ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧ). ಗಾಳಿ ಇದ್ದ ದಿನ ಬಿಡುವುದೇ ವಾಸಿ.

ಮೊಬೈಲಿನಲ್ಲಾದರೆ 2 ಪಟ್ಟು ಅಥವಾ 3 ಪಟ್ಟಿನ ಲೆನ್ಸ್ ಆರಿಸಿ ದೂರದಿಂದ ತೆಗೆಯಿರಿ. ಪರಾಗಕೋಶದ ಮೇಲೆ ಬೆರಳು ಒತ್ತಿ ಫೋಕಸ್ ಲಾಕ್ ಮಾಡಿ, ಸೂರ್ಯನ ಗುರುತನ್ನು ಕೆಳಕ್ಕೆ ಎಳೆದು ಎಸಳಿನ ಗೆರೆಗಳು ಕಾಣುವವರೆಗೆ ಬೆಳಕು ಇಳಿಸಿ.

ಒಂದು ಎಚ್ಚರಿಕೆಯನ್ನು ಗೆಳೆಯರ ತಾಯಿ ಬೇಲಿಯ ಹತ್ತಿರವೇ ಹೇಳಿದ್ದರು: "ಆ ಹೂವು ಮುಟ್ಟಿದ್ರೆ ಕೈ ತೊಳ್ಕಂಡೇ ಚಾ ಕುಡೀರಿ." ಸರಿಯಾದ ಮಾತು. ಬಳ್ಳಿಯ ಎಲ್ಲ ಭಾಗದಲ್ಲೂ ಕೋಲ್ಚಿಸಿನ್ ಎಂಬ ವಿಷ ಇದೆ, ಗಡ್ಡೆ ಮತ್ತು ಬೀಜದಲ್ಲಿ ಹೆಚ್ಚು. ಗೆಣಸೆಂದು ತಿಳಿದು ಈ ಗಡ್ಡೆ ತಿಂದು ಸತ್ತವರಿದ್ದಾರೆ. ಎಲೆ ಕಿತ್ತು ಚೌಕಟ್ಟು ಚೊಕ್ಕ ಮಾಡುವ ಅಭ್ಯಾಸ ಇರುವವರು, ಮಕ್ಕಳನ್ನು ಕರೆದೊಯ್ಯುವವರು ಇದನ್ನು ಮರೆಯಬಾರದು.

ಕೆಲಸ ಮುಗಿದ ಮೇಲೆ ದಾರ ಬಿಚ್ಚಿ, ಬಿದಿರಿನ ಕಡ್ಡಿಯನ್ನು ಅಲ್ಲೇ ಗುರುತಿಗೆ ಬಿಟ್ಟು ಬಂದೆವು. ಮಳೆಗಾಲ ಕಳೆದು ಕಾಯಿ ಒಣಗಿ ಬಿರಿದಾಗ ಒಳಗೆ ಸಾಲಾಗಿ ಕಾಣುವ ಕೆಂಪು ಬೀಜಗಳದೂ ಒಂದು ಚಿತ್ರ ಬೇಕು. ಆಮೇಲೆ ಬಳ್ಳಿ ಪೂರ್ತಿ ಒಣಗಿ, ಮುಂದಿನ ಮುಂಗಾರಿನವರೆಗೆ ಜಾಗವೇ ಗೊತ್ತಾಗುವುದಿಲ್ಲ. ಕಡ್ಡಿಯನ್ನು ಬುಡದಿಂದ ಒಂದು ಅಡಿ ದೂರಕ್ಕೆ ಊರಿ. ಗಡ್ಡೆಯ ಕವಲಿಗೆ ತುದಿಯಲ್ಲಿ ಇರುವುದು ಒಂದೇ ಮೊಳಕೆ, ಅದು ಮುರಿದರೆ ಆ ಕವಲಿನಿಂದ ಮತ್ತೆ ಬಳ್ಳಿ ಏಳುವುದಿಲ್ಲ.