ಬೆಲ್ಲಿನಿಂದ ಗೇಟಿನವರೆಗೆ: ಅಗ್ನಿಶಾಮಕ ಠಾಣೆಯ ಒಳದಾರಿಗಳು

ಹೊಸ ಅಗ್ನಿಶಾಮಕ ಠಾಣೆಯ ನಕ್ಷೆ ಮುಂದಿಟ್ಟರೆ ಎಲ್ಲರೂ ಮೊದಲು ಎಷ್ಟು ಗಾಡಿ ನಿಲ್ಲುತ್ತದೆ ಎಂದು ನೋಡುತ್ತಾರೆ. ಸಿಬ್ಬಂದಿ ಮಲಗುವ ಮಂಚದಿಂದ ಆ ಗಾಡಿಯ ಸೀಟಿನವರೆಗೆ ಎಷ್ಟು ತಿರುವು, ಎಷ್ಟು ಬಾಗಿಲು ಎಂದು ಎಣಿಸುವವರು ಕಡಿಮೆ. ಚಿಕ್ಕಮಗಳೂರಿನಂಥ ಊರಲ್ಲಿ ಆ ಎಣಿಕೆಗೇ ಬೆಲೆ ಹೆಚ್ಚು. ಗೇಟು ದಾಟಿ ಮಲ್ಲಂದೂರು ರಸ್ತೆಯನ್ನೋ ಕೈಮರದ ಏರನ್ನೋ ಹಿಡಿದ ಮೇಲೆ, 4,500 ಲೀಟರ್ ನೀರು ಹೊತ್ತ ಜಲವಾಹನವನ್ನು ಯಾವ ಚಾಲಕನೂ ವೇಗವಾಗಿ ಓಡಿಸಲಾರ. ಉಳಿಸಬಹುದಾದ ಸಮಯವೇನಾದರೂ ಇದ್ದರೆ ಅದು ಠಾಣೆಯ ಗೋಡೆಗಳ ಒಳಗೇ ಇದೆ.

ಅಮೆರಿಕದ ರಾಷ್ಟ್ರೀಯ ಅಗ್ನಿ ಸುರಕ್ಷಾ ಸಂಘದ (ಎನ್‌ಎಫ್‌ಪಿಎ) 1710 ಮಾನದಂಡದ ಪ್ರಕಾರ ಠಾಣೆಗೆ ಕರೆ ಮುಟ್ಟಿದ ಮೇಲೆ ಗಾಡಿ ಹೊರಡಲು ಬೆಂಕಿ ಅನಾಹುತಕ್ಕೆ 80 ಸೆಕೆಂಡು, ವೈದ್ಯಕೀಯ ತುರ್ತಿಗೆ 60 ಸೆಕೆಂಡು. ನಮಗೆ ಅದು ಕಡ್ಡಾಯವಲ್ಲ, ಆದರೆ ಅಳತೆಗೋಲಾಗಿ ಚೆನ್ನಾಗಿದೆ. ಪೂರ್ಣ ರಕ್ಷಣಾ ಉಡುಪು ಇರುವ ಠಾಣೆಯಲ್ಲಿ ಬೂಟು, ಪ್ಯಾಂಟು, ಕೋಟು, ಹೆಲ್ಮೆಟ್ ತೊಡಲು ಪಳಗಿದವರಿಗೂ ನಿಮಿಷದ ಹತ್ತಿರ ಬೇಕು. ಎದ್ದು ಬರಲು, ಗಾಡಿ ಹತ್ತಲು ಉಳಿಯುವುದು 20 ಸೆಕೆಂಡು. ಸೆಕೆಂಡಿಗೆ 2 ಮೀಟರ್ ಬಿರುಸಿನಲ್ಲಿ ನಡೆದರೂ 25 ಮೀಟರಿಗೆ ಹನ್ನೆರಡೂವರೆ ಸೆಕೆಂಡು ಹೋಯಿತು. ನಡುವೆ ಎಳೆದು ತೆರೆಯುವ ಎರಡು ಬಾಗಿಲಿದ್ದರೆ ಉಳಿದದ್ದೂ ಹೋಯಿತು.

ಆದರೂ ದೂರಕ್ಕಿಂತ ದೊಡ್ಡ ಶತ್ರು ತಿರುವು. ಗಾಢ ನಿದ್ರೆಯಿಂದ ಎಬ್ಬಿಸಿದವರ ಮಂಪರು ಅರ್ಧ ಗಂಟೆಯವರೆಗೂ ಉಳಿಯಬಹುದು; ಮೊದಲ ಕೆಲವು ನಿಮಿಷ ತೀರ ಜಾಸ್ತಿ. ಆ ಹೊತ್ತಿನಲ್ಲಿ ರೂಢಿಯಾದ ಕೆಲಸವನ್ನು ದೇಹ ಹೇಗೋ ಮಾಡಿಬಿಡುತ್ತದೆ, ಎರಡರಲ್ಲಿ ಒಂದನ್ನು ಆರಿಸು ಎಂದರೆ ಮಾತ್ರ ತಡವರಿಸುತ್ತದೆ. ಆದ್ದರಿಂದ ಮಂಚದಿಂದ ಗ್ಯಾರೇಜಿಗೆ ಹೋಗುವ ದಾರಿಯಲ್ಲಿ ಎಡಕ್ಕೋ ಬಲಕ್ಕೋ ಎಂದು ನಿರ್ಧರಿಸಬೇಕಾದ ಜಾಗ ಒಂದೂ ಇರಬಾರದು. ಹದಿನೈದು ಮೀಟರಿನಲ್ಲಿ ಮೂರು ಸಲ ತಿರುಗುವ ಕಾರಿಡಾರಿಗಿಂತ ಇಪ್ಪತ್ತೈದು ಮೀಟರಿನ ನೇರ ಕಾರಿಡಾರಿಗೇ ನನ್ನ ಮತ. ಕೋಣೆಯ ಬಾಗಿಲಲ್ಲಿ ನಿಂತರೆ ಕಾರಿಡಾರಿನ ಕೊನೆಯಲ್ಲಿ ಗಾಡಿಯ ಕೆಂಪು ಬಣ್ಣ ಕಾಣಬೇಕು. ಕಂಡರೆ ನೆನಪಿನ ಕೆಲಸ ಅರ್ಧ ಕಡಿಮೆಯಾಗುತ್ತದೆ.

ವರ್ಗವಾಗಿ ಬಂದವರಿಗೆ ಇನ್ನೊಂದು ತೊಂದರೆ. ಹಳೆಯ ಠಾಣೆಯಲ್ಲಿ ನಾಲ್ಕು ವರ್ಷ ಎದ್ದ ಕೂಡಲೇ ಎಡಕ್ಕೆ ಓಡಿದವರು ಇಲ್ಲಿಯೂ ಮೊದಲ ವಾರಗಳಲ್ಲಿ ಎಡಕ್ಕೇ ಓಡುತ್ತಾರೆ. ಹಗಲಲ್ಲಿ ಹೀಗಾಗುವುದಿಲ್ಲ, ರಾತ್ರಿ ಆಗುತ್ತದೆ. ಹೊಸಬರನ್ನು ಬಾಗಿಲಿಗೆ ನೇರ ಎದುರಿನ ಮಂಚದಲ್ಲಿ ಮಲಗಿಸುವುದು, ಕಾರಿಡಾರಿನ ಉದ್ದಕ್ಕೂ ನೆಲದಿಂದ ಒಂದು ಅಡಿ ಎತ್ತರದಲ್ಲಿ ಸಣ್ಣ ಕೆಂಪು ದೀಪದ ಸಾಲು ಹಾಕುವುದು, ಈ ಎರಡರಿಂದ ಬಹಳಷ್ಟು ಸರಿಹೋಗುತ್ತದೆ. ದೀಪ ಕೆಂಪಾಗಿರಲಿ ಎನ್ನುವುದಕ್ಕೆ ಕಾರಣವಿದೆ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಬಿಳಿ ಟ್ಯೂಬ್‌ಲೈಟ್ ಹೊತ್ತಿಸಿದರೆ ಆ ಹೊಂದಿಕೆ ಕ್ಷಣದಲ್ಲಿ ಹೋಗುತ್ತದೆ, ಮಂದ ಕೆಂಪು ಬೆಳಕಿನಲ್ಲಿ ಅಷ್ಟು ಹೋಗುವುದಿಲ್ಲ. ಮಂಜು ಕವಿದ ಘಟ್ಟದ ರಸ್ತೆಗೆ ಇಳಿಯಲಿರುವ ಚಾಲಕನಿಗೆ ಅದು ಬೇಕೇ ಬೇಕು.

ಚಾಲಕನ ಮಂಚ ಬಾಗಿಲಿಗೆ ಎಲ್ಲರಿಗಿಂತ ಹತ್ತಿರ ಇರಬೇಕು. ಹಿರಿತನ ನೋಡಿ ಕಿಟಕಿ ಪಕ್ಕದ ಮಂಚ ಕೊಡುವ ಪದ್ಧತಿ ಇಲ್ಲಿ ನಡೆಯದು. ಏರ್ ಬ್ರೇಕ್ ಗಾಡಿಯಲ್ಲಿ ರಾತ್ರಿಯಿಡೀ ಸ್ವಲ್ಪ ಸ್ವಲ್ಪ ಗಾಳಿ ಸೋರಿದ್ದರೆ ಎಂಜಿನ್ ಶುರುಮಾಡಿ ಗಾಳಿಯ ಒತ್ತಡದ ಮೀಟರಿನ ಮುಳ್ಳು ಏರುವವರೆಗೆ ಕಾಯಬೇಕು, ಉಳಿದವರು ಸೀಟಿನಲ್ಲಿ ಕೂತಿದ್ದರೂ ಗಾಡಿ ಕದಲದು. ಗ್ಯಾರೇಜಿನಲ್ಲಿ ಸಣ್ಣ ಕಂಪ್ರೆಸರ್ ಇಟ್ಟು ಗಾಡಿಯ ಟ್ಯಾಂಕಿಗೆ ಪೈಪ್ ಜೋಡಿಸಿಟ್ಟರೆ ಈ ಕಾಯುವಿಕೆಯೇ ಇಲ್ಲ. ಹೊರಡುವಾಗ ಎಳೆತಕ್ಕೆ ತಾನೇ ಕಳಚುವ ಜೋಡಣೆ ಇರಲಿ. ಇಲ್ಲದಿದ್ದರೆ ಒಂದಲ್ಲ ಒಂದು ದಿನ ಪೈಪು ಗಾಡಿಯ ಜೊತೆಗೇ ಹೋಗುತ್ತದೆ.

ಬಾಗಿಲುಗಳು ಓಡುವ ದಿಕ್ಕಿಗೇ ತಳ್ಳಿ ತೆರೆಯುವಂತಿರಲಿ, ಕಣ್ಣಿನ ಎತ್ತರದಲ್ಲಿ ಗಾಜಿನ ಪಟ್ಟಿ ಇರಲಿ. ಕಾರಿಡಾರಿನ ಅಗಲ 1.8 ಮೀಟರ್ ಇದ್ದರೆ ಇಬ್ಬರು ಭುಜ ತಾಗದೆ ಓಡಬಹುದು. ಕಾಗದದ ಮೇಲೆ ಈ ಅಗಲ ಎಲ್ಲ ಠಾಣೆಗೂ ಇರುತ್ತದೆ. ಚಪ್ಪಲಿ ಸ್ಟ್ಯಾಂಡು, ಇಸ್ತ್ರಿ ಮೇಜು, 20 ಲೀಟರಿನ ನೀರಿನ ಕ್ಯಾನು, ಜುಲೈ ತಿಂಗಳಲ್ಲಿ ಬಟ್ಟೆ ಒಣಹಾಕಿದ ಹಗ್ಗ ಇವೆಲ್ಲ ಸೇರಿ ಅದು ಒಂದು ಮೀಟರಿಗೆ ಇಳಿದಿರುತ್ತದೆ.

ಮಹಡಿಯ ಮೇಲೆ ಮಲಗುವ ಕೋಣೆ ಬೇಡ ಎಂದೇ ನನ್ನ ಅಭಿಪ್ರಾಯ. ಜಾಗವಿಲ್ಲದೆ ಕಟ್ಟಲೇಬೇಕಾದರೆ ನೇರ ಮೆಟ್ಟಿಲು, ಎರಡೂ ಬದಿಗೆ ಹಿಡಿಕೆ, ತುಳಿಯುವ ಅಗಲ 300 ಮಿ.ಮೀ., ಎತ್ತರ 150 ಮಿ.ಮೀ. ಎಲ್ಲ ಮೆಟ್ಟಿಲೂ ಒಂದೇ ಅಳತೆಯಲ್ಲಿರಬೇಕು, ಏಕೆಂದರೆ ಮೊದಲ ಎರಡು ಮೆಟ್ಟಿಲಲ್ಲಿ ಕಾಲು ಕಲಿತ ಅಳತೆಯನ್ನೇ ನಂಬಿ ದೇಹ ಇಳಿಯುತ್ತದೆ. ಸಿನಿಮಾಗಳಲ್ಲಿ ಕಾಣುವ ಜಾರುಕಂಬ 1878ರಲ್ಲಿ ಶಿಕಾಗೋದ ಡೇವಿಡ್ ಕೆನ್ಯನ್ ಎಂಬ ಕ್ಯಾಪ್ಟನ್ ತಂದದ್ದು. ಸಮಯ ಉಳಿಸುತ್ತದೆ ನಿಜ, ಆದರೆ ಹಿಮ್ಮಡಿ, ಬೆನ್ನುಮೂಳೆಯ ಪೆಟ್ಟಿಗೂ ದಾರಿ. ಕಂಬದ ತೂತಿನಿಂದ ಕೆಳಗಿನ ಡೀಸೆಲ್ ಹೊಗೆ ನೇರ ಮಲಗುವ ಕೋಣೆಗೆ ಏರುತ್ತದೆ ಎಂಬುದು ಅದಕ್ಕಿಂತ ದೊಡ್ಡ ತಕರಾರು.

ಗ್ಯಾರೇಜಿಗೆ ಬಂದರೆ ಒಂದೇ ನಿಯಮ: ಮನುಷ್ಯರು ಓಡುವ ದಾರಿ ಮತ್ತು ಗಾಡಿ ಚಲಿಸುವ ದಾರಿ ಎಲ್ಲೂ ಅಡ್ಡಹಾಯಬಾರದು. ಉಡುಪಿನ ಗೂಟಗಳನ್ನು ಹಿಂದಿನ ಗೋಡೆಗೆ ಹೊಡೆದರೆ ಎಲ್ಲರೂ ಗಾಡಿಯ ಉದ್ದಕ್ಕೆ ಹಿಂದೆ ಹೋಗಿ ಮತ್ತೆ ಮುಂದೆ ಬರಬೇಕು, ಕಡೆಗೆ ಬಂದವರು ಕದಲುತ್ತಿರುವ ಗಾಡಿಯ ಮುಂದೆಯೇ ದಾಟುತ್ತಾರೆ. ಗೂಟಗಳು ಪಕ್ಕದ ಗೋಡೆಯಲ್ಲಿ, ಯಾರು ಯಾವ ಬಾಗಿಲಿಂದ ಹತ್ತುತ್ತಾರೋ ಆ ಬದಿಗೆ, ಸೀಟಿನ ಅನುಕ್ರಮದಲ್ಲೇ ಇರಬೇಕು. ಗೂಟಕ್ಕೆ ಹೆಸರು ಬರೆಯುವುದಕ್ಕಿಂತ ಸೀಟಿನ ಸಂಖ್ಯೆ ಬರೆಯುವುದು ಮೇಲು. ಪಾಳಿ ಬದಲಾದರೂ ಸಂಖ್ಯೆ ಬದಲಾಗುವುದಿಲ್ಲ. ಪ್ಯಾಂಟು ಬೂಟಿನ ಮೇಲೆ ಮಡಚಿ ಇಟ್ಟಿರಲಿ, ಕಾಲು ಒಳಗಿಟ್ಟು ಮೇಲೆಳೆದರೆ ಮುಗಿಯಿತು.

ಗಾಡಿಯ ಅಗಲ ಸುಮಾರು 2.5 ಮೀಟರ್. ಕ್ಯಾಬಿನ್ ಬಾಗಿಲು ಪೂರ್ತಿ ತೆರೆದು ಒಬ್ಬರು ಪಕ್ಕದಲ್ಲಿ ಹಾಯಲು 1.5 ಮೀಟರ್ ಬೇಕು. ಎರಡು ಗಾಡಿ ಅಕ್ಕಪಕ್ಕ ನಿಲ್ಲುವ ಗ್ಯಾರೇಜಿಗೆ ಹೀಗೆ ಲೆಕ್ಕ ಹಾಕಿದರೆ ಒಳ ಅಗಲ 9.5 ಮೀಟರ್ ಬರುತ್ತದೆ. ಎಂಟು ಮೀಟರಿನಲ್ಲಿ ಕಟ್ಟಿದರೂ ಗಾಡಿಗಳು ನಿಲ್ಲುತ್ತವೆ, ಆದರೆ ಬಾಗಿಲು ಅರ್ಧ ತೆರೆದು ನುಸುಳುವ ಅಭ್ಯಾಸ ಶುರುವಾಗುತ್ತದೆ. ಉಡುಪಿನ ಸಾಲಿಗೆ ಬಿಸಿಲು ಬೀಳಬಾರದು, ಏಕೆಂದರೆ ಉಡುಪಿನ ಬೆಂಕಿ ತಡೆಯುವ ಅರಾಮಿಡ್ ನೂಲನ್ನು ಅತಿನೇರಳೆ ಕಿರಣ ದುರ್ಬಲಗೊಳಿಸುತ್ತದೆ. ಸೈಲೆನ್ಸರಿನ ಹೊಗೆಯೂ ತಾಗಬಾರದು. ಹಣವಿದ್ದರೆ ಕಾರಿಡಾರಿಗೂ ಗ್ಯಾರೇಜಿಗೂ ನಡುವೆ ಉಡುಪಿಗೇ ಪ್ರತ್ಯೇಕ ಕೋಣೆ ಕಟ್ಟುವುದು ಸರಿಯಾದ ಉತ್ತರ.

ಇನ್ನು ಮಲೆನಾಡಿನ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗ್ಯಾರೇಜಿನ ನೆಲ ಒಣಗುವುದೇ ಇಲ್ಲ. ನುಣುಪಾದ ರೆಡ್ ಆಕ್ಸೈಡ್ ನೆಲ ನೋಡಲು ಚೆಂದ, ಗಮ್‌ಬೂಟಿಗೆ ಅಪಾಯ. ಓಡುವ ಪಟ್ಟಿಯಲ್ಲಾದರೂ ಗೀರು ಹಾಕಿದ ಸಿಮೆಂಟು ಬೇಕು. ನೀರು ಹರಿಯಲು ನೂರಕ್ಕೆ ಒಂದರಷ್ಟು ಇಳಿಜಾರು ಸಾಕು. ಚರಂಡಿಯ ಕಬ್ಬಿಣದ ಜಾಲರಿ ಓಡುವ ದಾರಿಗೆ ಅಡ್ಡ ಬರದಂತೆ ಗಾಡಿಯ ಉದ್ದಕ್ಕೆ ಹಾಯಲಿ. ನೀರು ಹಾಯಿಸುವ 15 ಮೀಟರಿನ ಹೋಸನ್ನು ನಡುವಿಗೆ ಮಡಚಿ ತೂಗುಹಾಕಲು ಎಂಟು ಮೀಟರಿನ ಗೋಪುರ ಸಾಕಾಗುತ್ತದೆ, ಆದರೆ ಆಗಸ್ಟಿನ ಗಾಳಿಯಲ್ಲಿ ಅಲ್ಲಿ ಏನೂ ಒಣಗದು. ಮುಚ್ಚಿದ ಗೋಪುರಕ್ಕೆ ಕೆಳಗಿನಿಂದ ಬ್ಲೋವರ್ ಬೇಕು. ಒದ್ದೆ ಕೋಟಿನ ವಿಚಾರ ಇನ್ನೂ ಗಂಭೀರ: ಪದರಗಳ ನಡುವೆ ಉಳಿದ ನೀರು ಬೆಂಕಿಯ ಕಾವಿಗೆ ಬಿಸಿಯಾಗಿ ಹಬೆಯಾದರೆ ತೊಟ್ಟವರ ಮೈ ಸುಡುತ್ತದೆ. ಕೋಟನ್ನು ಒಳಮೈ ಹೊರಗಾಗಿಸಿ ಒಣಗಿಸುವ ಜಾಗ ನಕ್ಷೆಯಲ್ಲೇ ಇರಬೇಕು. ಇಲ್ಲದಿದ್ದರೆ ಅದು ಅಡುಗೆಮನೆಯ ಒಲೆ ಹತ್ತಿರ ಸೇರುತ್ತದೆ.

ಅದು ಸೇರಬಾರದ ಜಾಗವೇ ಅಡುಗೆಮನೆ. ಅಗ್ನಿಶಾಮಕ ವೃತ್ತಿಯನ್ನು 2022ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಹೊಗೆಯ ಮಸಿ ಉಡುಪಿನ ಜೊತೆ ಠಾಣೆಗೆ ಬರುತ್ತದೆ. ಹೊರಡುವ ದಾರಿ ಎಷ್ಟು ಚಿಕ್ಕದಿರಬೇಕೋ ಮರಳುವ ದಾರಿ ಅಷ್ಟೇ ಉದ್ದವಿರಲಿ: ಅಂಗಳದಲ್ಲಿ ನೀರು ಹೊಡೆದು ತೊಳೆ, ಉಡುಪು ಕಳಚು, ಸ್ನಾನ ಮಾಡು, ಆಮೇಲೆ ಒಳಗೆ ಬಾ. ಚಳಿಯಲ್ಲಿ ನಡುಗುತ್ತ ಬಂದವರು ಅಡ್ಡದಾರಿ ಹಿಡಿಯುವುದು ಸಹಜ. ಗ್ಯಾರೇಜಿನಿಂದ ಅಡುಗೆಮನೆಗೆ ನೇರ ಬಾಗಿಲಿದ್ದರೆ ಯಾವ ಸೂಚನಾಫಲಕವೂ ಅವರನ್ನು ತಡೆಯಲಾರದು, ಆದ್ದರಿಂದ ಆ ಬಾಗಿಲನ್ನೇ ಇಡಬೇಡಿ. ಬಿಸಿನೀರಿನ ನಲ್ಲಿಯನ್ನು ಅಂಗಳದ ಬದಿಯ ಸ್ನಾನದ ಕೋಣೆಯಲ್ಲಿ ಇಡಿ, ಕಾಲು ತಾನಾಗಿ ಅತ್ತ ಹೋಗುತ್ತದೆ.

ಇಳಿಜಾರು ನಿವೇಶನದಲ್ಲಿ ಠಾಣೆ ಕಟ್ಟುವವರು ಗೇಟಿನ ಕಡೆ ಅವಸರ ಮಾಡುತ್ತಾರೆ. ಗ್ಯಾರೇಜಿನ ಬಾಗಿಲಿಗೂ ರಸ್ತೆಯ ಅಂಚಿಗೂ ನಡುವೆ ಗಾಡಿಯ ಒಂದು ಉದ್ದ, ಅಂದರೆ ಎಂಟು ಮೀಟರ್, ಸಮತಟ್ಟಾಗಿರಬೇಕು. ಆಗ ಮೂತಿ ರಸ್ತೆಗೆ ಚಾಚುವ ಮೊದಲೇ ಚಾಲಕ ಎರಡೂ ಕಡೆ ನೋಡಬಲ್ಲ. ಇಳಿಜಾರಿನಲ್ಲಿ ತಿರುಗುತ್ತ ರಸ್ತೆಗೆ ಸೇರಿದರೆ ನಾಲ್ಕೂವರೆ ಟನ್ ನೀರು ಒಂದು ಬದಿಗೆ ವಾಲುತ್ತದೆ.

ಕಂಟ್ರೋಲ್ ರೂಮಿನ ಗೋಡೆಯ ನಕ್ಷೆಗೆ ಯಾರೂ ಕೊಡದಷ್ಟು ಮಹತ್ವ ನಾನು ಕೊಡುತ್ತೇನೆ. 1982ರಲ್ಲಿ ಮನಶ್ಶಾಸ್ತ್ರಜ್ಞ ಮಾರ್ವಿನ್ ಲೆವಿನ್ ತೋರಿಸಿಕೊಟ್ಟ ಸಂಗತಿ ಸರಳ: ನಕ್ಷೆಯ ಮೇಲ್ಭಾಗ ನೋಡುವವರ ಎದುರಿನ ದಿಕ್ಕಿಗೆ ಹೊಂದದಿದ್ದರೆ ಜನ ಎಡಬಲ ತಪ್ಪುತ್ತಾರೆ. ಉತ್ತರ ಮೇಲಿರುವ ನಕ್ಷೆಯನ್ನು ದಕ್ಷಿಣದ ಗೋಡೆಗೆ ತೂಗುಹಾಕಿದರೆ ಮಂಪರಿನ ತಲೆ ಅದನ್ನು ಮನಸ್ಸಿನಲ್ಲೇ ತಿರುಗಿಸಿಕೊಳ್ಳಬೇಕು. ಚಿಕ್ಕಮಗಳೂರಿಗೆ ಇದರಲ್ಲಿ ಒಂದು ಅನುಕೂಲವಿದೆ. ಬಾಬಾಬುಡನ್ ಗಿರಿಶ್ರೇಣಿ ಊರಿನ ಉತ್ತರಕ್ಕಿದೆ. ಉತ್ತರದ ಗೋಡೆಯಲ್ಲಿ ನಕ್ಷೆ ಇಟ್ಟರೆ ಕಾಗದದ ಮೇಲ್ಭಾಗ, ಎದುರಿನ ಬೆಟ್ಟ ಎರಡೂ ಒಂದೇ ಕಡೆ.

ಫೋನ್ ಮಾಡುವವರು ಉತ್ತರ ದಕ್ಷಿಣ ಹೇಳುವುದಿಲ್ಲ. "ಮಲ್ಲಂದೂರಿಂದ ಸ್ವಲ್ಪ ಮೇಲೆ ಬನ್ನಿ ಸಾರ್, ಬಲಕ್ಕೆ ಇಳಿದ್ರೆ ನಮ್ಮ ತೋಟ" ಎನ್ನುತ್ತಾರೆ. ನಕ್ಷೆಯಲ್ಲಿ ಏರು ಇಳಿಜಾರಿನ ಗುರುತಿಲ್ಲದಿದ್ದರೆ ಈ ಮಾತಿಗೆ ಜಾಗ ಸಿಗದು. ತೋಟಗಳ ಹೆಸರೂ ನಿಲ್ಲುವುದಿಲ್ಲ. ಮಾಲೀಕರು ಬದಲಾದಾಗ ಬೋರ್ಡು ಬದಲಾಗುತ್ತದೆ, ಕೂಲಿ ಲೈನಿನವರು ಹಳೆಯ ಹೆಸರನ್ನೇ ಹೇಳುತ್ತಾರೆ, ಪ್ರವಾಸಿಗರು ಹೋಂಸ್ಟೇ ಹೆಸರು ಹೇಳುತ್ತಾರೆ. ಮೂರೂ ಹೆಸರನ್ನು ಅಕಾರಾದಿಯಲ್ಲಿ ಬರೆದ ಪಟ್ಟಿ ನಕ್ಷೆಯ ಪಕ್ಕದಲ್ಲೇ ಇರಲಿ. ಗೇಟಿನ ಅಗಲ, ಮೋರಿಯ ಮೇಲೆ ತುಂಬಿದ ಗಾಡಿ ಹಾಯಬಹುದೇ, ಜೀಪು ಮಾತ್ರವೇ ಎಂಬುದೂ ಅದರಲ್ಲೇ ಬರಲಿ. ಮೊಬೈಲಿನ ನಕ್ಷೆ ಜೀಪಿನ ದಾರಿಯನ್ನೂ ಡಾಂಬರು ರಸ್ತೆಯನ್ನೂ ಒಂದೇ ಎಂಬಂತೆ ತೋರಿಸಬಹುದು, ತೋಟದೊಳಗೆ ಸಿಗ್ನಲ್ ಸಿಗದಿರುವುದೂ ಉಂಟು.

ಸ್ಥಳಜ್ಞಾನ ಮೊದಲು ಗುರುತುಗಳಾಗಿ, ಆಮೇಲೆ ದಾರಿಗಳಾಗಿ, ಕಡೆಗೆ ಇಡೀ ಪ್ರದೇಶದ ಚಿತ್ರವಾಗಿ ಬೆಳೆಯುತ್ತದೆ ಎಂದು ಮನಶ್ಶಾಸ್ತ್ರಜ್ಞರಾದ ಸೀಗಲ್ ಮತ್ತು ವೈಟ್ 1975ರಲ್ಲೇ ಬರೆದರು. ಎರಡನೇ ಹಂತದಲ್ಲಿ ನಿಂತ ಚಾಲಕನಿಗೆ ಐ.ಜಿ. ರಸ್ತೆಯಲ್ಲಿ ಮೆರವಣಿಗೆ ಅಡ್ಡ ಬಂದರೆ ಬೇರೆ ದಾರಿ ತೋಚದು. ಮೂರನೆಯದಕ್ಕೆ ಏರಿಸಲು ವಾರಕ್ಕೊಮ್ಮೆ ಖಾಲಿ ಹಾಳೆ ಕೊಟ್ಟು, ಹನುಮಂತಪ್ಪ ವೃತ್ತ ಮತ್ತು ಆಜಾದ್ ಪಾರ್ಕ್ ಎರಡನ್ನೇ ಗುರುತಿಸಿ, ಉಳಿದ ಊರನ್ನು ನೆನಪಿನಿಂದ ಬಿಡಿಸಲು ಹೇಳಿ. ಇಬ್ಬರ ಹಾಳೆ ಪಕ್ಕಪಕ್ಕ ಇಟ್ಟರೆ ಯಾರಿಗೆ ಯಾವ ಬಡಾವಣೆ ಗೊತ್ತಿಲ್ಲ ಎಂಬುದು ತಾನೇ ಕಾಣುತ್ತದೆ.

ನೀರಿನ ಮೂಲಗಳನ್ನು ಗುರುತಿಸುವಾಗ ಒಂದು ಲೆಕ್ಕ ಮರೆಯಬಾರದು. ಸಮುದ್ರಮಟ್ಟದಲ್ಲಿ ಪಂಪು ಕೆಳಗಿನಿಂದ ನೀರೆಳೆಯುವ ತಾತ್ವಿಕ ಮಿತಿ 10.3 ಮೀಟರ್. ಊರು ಸಾವಿರ ಮೀಟರಿಗಿಂತ ಎತ್ತರದಲ್ಲಿದ್ದು ಗಾಳಿಯ ಒತ್ತಡ ಕಡಿಮೆ ಇರುವುದರಿಂದ ಇಲ್ಲಿ ಅದು ಒಂಬತ್ತರ ಆಸುಪಾಸಿಗೆ ಇಳಿಯುತ್ತದೆ, ಕೆಲಸಕ್ಕೆ ಬರುವ ಎತ್ತರ ಆರು ಮೀಟರ್ ಎಂದಿಟ್ಟುಕೊಳ್ಳಿ. ತೋಟದ ಕೆರೆ ಡಿಸೆಂಬರಿನಲ್ಲಿ ದಡದಿಂದ ಎರಡು ಮೀಟರ್ ಕೆಳಗಿದ್ದು, ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹೊಡೆದ ಮೇಲೆ ಮಾರ್ಚಿನಲ್ಲಿ ಏಳು ಮೀಟರಿಗೆ ಇಳಿದಿರಬಹುದು. ಹುಲ್ಲುಗಾವಲಿಗೆ ಬೆಂಕಿ ಬೀಳುವುದೂ ಅದೇ ತಿಂಗಳಲ್ಲಿ. ಹಾಗಾಗಿ ಕೆರೆಯ ಗುರುತಿನ ಪಕ್ಕ ಅಳತೆಯ ಜೊತೆ ತಿಂಗಳನ್ನೂ ಬರೆಯಿರಿ.

ಹಳೆಯ ಕಟ್ಟಡವನ್ನು ಒಡೆಯದೆ ಸುಧಾರಿಸಬೇಕೆನ್ನುವವರು ಮೊದಲು ಅಳೆಯಲಿ. ಗ್ಯಾರೇಜಿನ ಮೂಲೆಯಲ್ಲಿ ಒಂದು ಮೊಬೈಲು, ಕಾರಿಡಾರಿನ ಕೊನೆಯಲ್ಲಿ ಇನ್ನೊಂದು ಇಟ್ಟು ರಾತ್ರಿ ಎರಡು ಗಂಟೆಗೆ ಡ್ರಿಲ್ ಬೆಲ್ ಒತ್ತಿ. ಬೆಳಗ್ಗೆ ಹನ್ನೊಂದರ ಡ್ರಿಲ್ ಏನನ್ನೂ ಹೇಳದು. ವಿಡಿಯೋದಲ್ಲಿ ಒಟ್ಟು ಸಮಯ ನೋಡುವ ಮುಂಚೆ ಯಾರು ಎಲ್ಲಿ ನಿಂತರು, ಎಲ್ಲಿ ತಿರುಗಿ ನೋಡಿದರು, ಯಾವ ಬಾಗಿಲಲ್ಲಿ ಇಬ್ಬರು ಸಿಕ್ಕಿಕೊಂಡರು ಎಂದು ಬರೆದುಕೊಳ್ಳಿ. ಸಾಮಾನ್ಯವಾಗಿ ತಡಕ್ಕೆ ಮೊದಲ ಮೂರು ಕಾರಣಗಳು ಬಾಗಿಲ ಚಿಲಕ, ಗೂಟದ ಜಾಗ, ಕಾರಿಡಾರಿನ ಸಾಮಾನು. ಮೂರಕ್ಕೂ ಒಬ್ಬ ಬಡಗಿ, ಒಂದು ಮಧ್ಯಾಹ್ನ ಸಾಕು.