ತಮ್ಮನ ಸೈಕಲ್, ನನ್ನ ಕಾಲು: ಆರನೇ ವಾರ

ತಮ್ಮನ ಚಿಕ್ಕ ಸೈಕಲ್ಲಿನ ಸೀಟು ಏರಿಸಿ ಮೂರು ವಾರವಾಯಿತು. ಮಂಡಿ ನೋವು ಪೂರ್ತಿ ಹೋಗಿದೆ. ಆದರೆ ಅದು ಹೋದ ಮೇಲೆ ಅಂಗೈ ನೋವು ಶುರುವಾಯಿತು. ಈ ಸಲ ಜಾಸ್ತಿ ಬರೆಯಬೇಕಿರುವುದು ಅದರ ಬಗ್ಗೆಯೇ.

ಸೈಕಲ್ ನನ್ನ ತಮ್ಮ ಪಿಯುಸಿಯಲ್ಲಿದ್ದಾಗ ಕೊಂಡ ಹೈಬ್ರಿಡ್ (ರೋಡ್ ಬೈಕಿಗೂ ಮೌಂಟನ್ ಬೈಕಿಗೂ ನಡುವಿನದು). ಫ್ರೇಮ್ 43 ಸೆಂ.ಮೀ., ನಾನು 5 ಅಡಿ 11 ಇಂಚು. ಮಾರಿಬಿಡು, ದೊಡ್ಡದು ತಗೋ ಅಂತ ಮನೆಯಲ್ಲಿ ಎಲ್ಲರೂ ಹೇಳಿದರು. ನನಗೆ ಮನಸ್ಸು ಬರಲಿಲ್ಲ. ಪುಣೆಗೆ ಕೆಲಸಕ್ಕೆ ಹೊರಡುವ ಹಿಂದಿನ ರಾತ್ರಿ ಅವನು ಚೈನಿಗೆ ಎಣ್ಣೆ ಬಿಟ್ಟು, ಎರಡೂ ಚಕ್ರಕ್ಕೆ ಗಾಳಿ ಹೊಡೆದು ಬೀಗದ ಕೈ ಕೊಟ್ಟಿದ್ದ.

ಗೋಡೆಗೆ ಬೆನ್ನು ಕೊಟ್ಟು ನಿಂತು, ಕಾಲುಗಳ ನಡುವೆ ದಪ್ಪ ಪುಸ್ತಕ ಒತ್ತಿಟ್ಟು, ನೆಲದಿಂದ ಅದರ ಮೇಲಂಚಿನವರೆಗೆ ಅಳೆದೆ. 86 ಸೆಂ.ಮೀ. ಇದನ್ನು 0.883ರಿಂದ ಗುಣಿಸಿದರೆ ಎರಡೂ ಪೆಡಲ್ ತೋಳುಗಳು ತಿರುಗುವ ನಡುವಿನ ಅಚ್ಚಿನಿಂದ ಸೀಟಿನ ಮೇಲ್ಭಾಗದವರೆಗಿನ ಎತ್ತರ ಸುಮಾರಾಗಿ ಸಿಗುತ್ತದೆ. ನನಗೆ 76 ಬಂತು. ಹಳೇ ಸೀಟ್ ಪೋಸ್ಟ್ (ಸೀಟಿನ ಕೆಳಗಿನ ಕೊಳವೆ) ಎಷ್ಟು ಎಳೆದರೂ 68 ದಾಟುತ್ತಿರಲಿಲ್ಲ. ಅದರ ಮೇಲೆ 'ಇಷ್ಟಾದರೂ ಒಳಗಿರಬೇಕು' ಎಂಬ ಗೆರೆ ಇರುತ್ತದಲ್ಲ, ಅದನ್ನು ಮಾತ್ರ ಮೀರಬೇಡಿ. ಮೀರಿದರೆ ಫ್ರೇಮ್ ಬಿರುಕು ಬಿಡಬಹುದು.

ಹಳೇದನ್ನು ಹೊರಗೆಳೆದೆ. ಕಪ್ಪು ಜಿಡ್ಡು ಮೆತ್ತಿಕೊಂಡಿತ್ತು. ಬಟ್ಟೆಯಲ್ಲಿ ಒರೆಸಿದಾಗ 27.2 ಅಂತ ಕೆತ್ತಿದ್ದು ಕಾಣಿಸಿತು, ಅಂದರೆ ಕೊಳವೆಯ ದಪ್ಪ ಮಿ.ಮೀ.ನಲ್ಲಿ. ಅದೇ ಅಳತೆಯದೇ ಬೇಕು, 27 ಹಾಕಿದರೆ ಜಾರುತ್ತದೆ. 400 ಮಿ.ಮೀ. ಉದ್ದದ್ದು ತಂದು, ಗ್ರೀಸ್ ಸವರಿ ಇಳಿಸಿದೆ. 12 ಸೆಂ.ಮೀ. ಒಳಗಿದೆ, ಮೇಲಿನ ಬಾರ್ ಬೆಸುಗೆಯಾದ ಜಾಗಕ್ಕಿಂತ ಕೆಳಗಿನವರೆಗೂ ಹೋಗಿದೆ. ಪೋಸ್ಟನ್ನು ಬಿಗಿಯುವ ಕ್ಲ್ಯಾಂಪಿನ ಅಂಚಿಗೇ ಅದಕ್ಕೆ ಕೆಂಪು ಇನ್ಸುಲೇಷನ್ ಟೇಪ್ ಸುತ್ತಿದೆ. ಪೋಸ್ಟ್ ಇಳಿಯುತ್ತಾ ಬಂದರೆ ಟೇಪ್ ಮಡಚಿಕೊಳ್ಳುತ್ತದೆ, ಗೊತ್ತಾಗಿಬಿಡುತ್ತದೆ.

ಒಂದೇ ಸಲ ಏರಿಸಲಿಲ್ಲ. ದಿನ ಬಿಟ್ಟು ದಿನ ಒಂದೊಂದು ಸೆಂ.ಮೀ. 76ಕ್ಕೆ ಬಂದಾಗ ಸೊಂಟ ಆ ಕಡೆ ಈ ಕಡೆ ಆಡತೊಡಗಿತು. 75ಕ್ಕೆ ಇಳಿಸಿದೆ, ಸರಿಹೋಯಿತು.

ಸೀಟೇನೋ ಮೇಲೆ ಹೋಯಿತು, ಹ್ಯಾಂಡಲ್ ಎಲ್ಲಿತ್ತೋ ಅಲ್ಲೇ ಉಳಿಯಿತು. ಮೈಭಾರವೆಲ್ಲ ಅಂಗೈ ಮೇಲೆ. ಚಾಮುಂಡಿ ಬೆಟ್ಟ ಹತ್ತುವಾಗ ಪರವಾಗಿರಲಿಲ್ಲ. ಇಳಿಯುವಾಗ ಮುಂದಕ್ಕೆ ಬಗ್ಗಿಬೀಳುವ ಹಾಗಾಗಿ, ಕೆಳಗೆ ತಲುಪುವಷ್ಟರಲ್ಲಿ ಉಂಗುರದ ಬೆರಳು, ಕಿರುಬೆರಳು ಎರಡೂ ಜೋಮು ಹಿಡಿದಿದ್ದವು. ಅಂಗೈನ ಹೊರ ಅಂಚಿನಲ್ಲಿ ಹೋಗುವ ನರ ಒತ್ತಿದರೆ ಹಾಗಾಗುತ್ತದೆ. ಚಿಕ್ಕ ಫ್ರೇಮಿನ ನಿಜವಾದ ತೊಂದರೆ ಎತ್ತರದ್ದಲ್ಲ, ಉದ್ದದ್ದು: ಸೀಟಿನಿಂದ ಹ್ಯಾಂಡಲ್‌ವರೆಗಿನ ದೂರ ಸಾಲುವುದಿಲ್ಲ. ಇದು ನನಗೆ ಗೊತ್ತಾಗಿದ್ದೇ ಆಗ.

ಮೊದಲು ಸುಮ್ನೆ ಸೀಟನ್ನು ಹಿಂದಕ್ಕೆ ತಳ್ಳಿ ನೋಡಿದೆ. ಜಾಗವೇನೋ ಸಿಕ್ಕಿತು, ಆದರೆ ಪೆಡಲ್ ಕಾಲಿನಿಂದ ದೂರವಾಗಿ ಏರಿನಲ್ಲಿ ತೊಡೆ ಸೋತಿತು. ಮತ್ತೆ ಮುಂದಕ್ಕೆ ತಂದೆ. ಸೀಟು ಕಾಲಿಗೆ ಹೊಂದಬೇಕು, ಹ್ಯಾಂಡಲ್ ಕೈಗೆ ಹೊಂದಬೇಕು. ಒಂದರ ಕೊರತೆಯನ್ನು ಇನ್ನೊಂದರಲ್ಲಿ ತುಂಬಿಸಲು ಹೋಗಬಾರದು.

ಆಮೇಲೆ ಸ್ಟೆಮ್, ಅಂದರೆ ಹ್ಯಾಂಡಲನ್ನು ಮುಂದಕ್ಕೆ ಹಿಡಿದಿಡುವ ತುಂಡನ್ನು ಬದಲಿಸಿದೆ. 70 ಮಿ.ಮೀ. ಇದ್ದದ್ದನ್ನು ತೆಗೆದು 100ರದ್ದನ್ನು ಮೂತಿ ಮೇಲಕ್ಕೆ ಬರುವಂತೆ ಹಾಕಿದೆ. ಈಗ ಮೊಣಕೈ ಸ್ವಲ್ಪ ಮಡಚಿಕೊಂಡೇ ಕೂರಬಹುದು. ಹ್ಯಾಂಡಲ್ ತಿರುಗುವುದು ಚೂರು ನಿಧಾನವಾಗಿದೆ, ನನಗೆ ಅದೇ ಇಷ್ಟವಾಯಿತು. ಹತ್ತು ದಿನದಲ್ಲಿ ಜೋಮು ಒಂದೇ ಸಲ ಬಂದಿದೆ.

ಇನ್ನೂ ಉಳಿದಿರುವುದು ಬೂಟಿನ ತುದಿ ಮುಂದಿನ ಮಡ್‌ಗಾರ್ಡಿಗೆ ತಾಗುವುದು. ಗಲ್ಲಿಯಲ್ಲಿ ನಿಧಾನವಾಗಿ ಎಡಕ್ಕೆ ತಿರುಗಿಸಿದಾಗ ಬಲಗಾಲು ಮುಂದಿದ್ದರೆ ಸಾಕು, ತಾಗುತ್ತದೆ. ಇದಕ್ಕೆ ಸ್ಪ್ಯಾನರಿನಲ್ಲಿ ಪರಿಹಾರವಿಲ್ಲ. ತಿರುವಿನಲ್ಲಿ ಹೊರಗಡೆಯ ಕಾಲನ್ನು ಮುಂದಿಡದೆ ಓಡಿಸುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದೇನೆ.

ನಿನ್ನೆ ಬೆಳಿಗ್ಗೆ ಶ್ರೀರಂಗಪಟ್ಟಣಕ್ಕೆ ಹೋಗಿ ಬಂದೆ. ಮನೆಗೆ ಬಂದವನೇ ಬಗ್ಗಿ ನೋಡಿದೆ. ಕೆಂಪು ಟೇಪ್ ಇದ್ದ ಜಾಗದಲ್ಲೇ ಇತ್ತು. ಫೋಟೋ ತೆಗೆದು ತಮ್ಮನಿಗೆ ಕಳಿಸಿದೆ.